ಬಳಕೆದಾರರನ್ನು ಬಳಸುವ ವಿಧಾನ

ಅಂತಿಮ ವರ್ಷದ ಪ್ರಾಜೆಕ್ಟ್ ಬ್ಯಾಚುಗಳಿಗೆ ಕೈಪಿಡಿ. ಉಪಯೋಗಿಸುವ ಮುನ್ನ ಪೂರ್ತಿ ಓದಿಕೊಳ್ಳಿ. ಓದುವುದಿಲ್ಲ ಅಂತ ಗೊತ್ತು. ನಿಮ್ಮ ಆ್ಯಪಿನ 'ಹೆಲ್ಪ್' ಪುಟವನ್ನೂ ಯಾರೂ ಓದುವುದಿಲ್ಲ, ಲೆಕ್ಕ ಚುಕ್ತಾ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಬ್ಯಾಚು. ಅದರಲ್ಲಿ ನಾಲ್ಕು ಜನ: ಕೋಡ್ ಬರೆಯುವವನೊಬ್ಬ, ಅವನು ಬರೆದದ್ದನ್ನು ಸರಿಮಾಡುವವಳೊಬ್ಬಳು, ಪಿಪಿಟಿ ಮಾಡುವವಳೊಬ್ಬಳು, ರಿಪೋರ್ಟಿನ ಬೈಂಡಿಂಗಿಗೆ ಓಡಾಡುವವನೊಬ್ಬ.

ಒಂದು ಮೂಲಮಾದರಿ. ಪುಸ್ತಕದಲ್ಲಿ ಹಾಗನ್ನುತ್ತಾರೆ. ಲ್ಯಾಬಿನಲ್ಲಿ ಅದಕ್ಕೆ 'ಸರ್, ನಿನ್ನೆ ರಾತ್ರಿ ಓಡ್ತಿತ್ತು' ಅನ್ನುತ್ತಾರೆ.

ಒಬ್ಬ ಗೈಡ್. ಅದು ನಾನು. ಪೆಟ್ಟಿಗೆ ಭರ್ತಿಯಾಗಲೆಂದು ಹಾಕಿದ್ದಾರೆ, ಅಲುಗಾಡಿಸಬೇಡಿ.

ಬಳಕೆದಾರರು ಪೆಟ್ಟಿಗೆಯಲ್ಲಿ ಸೇರಿಲ್ಲ. ಬೇರೆಯಾಗಿ ಹುಡುಕಿಕೊಳ್ಳಬೇಕು.

ಈ ಕೈಪಿಡಿಗೆ ಕಾರಣವಾದ ಬ್ಯಾಚು ಹಳ್ಳಿಯ ಹಾಲಿನ ಡೈರಿಗೆ ಆ್ಯಪ್ ಮಾಡಿತ್ತು. ಬೆಳಿಗ್ಗೆ ಎಷ್ಟು ಲೀಟರ್ ಹಾಕಿದಿರಿ, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ದುಡ್ಡು ಎಷ್ಟಾಯಿತು, ಎಲ್ಲವೂ ಫೋನಿನಲ್ಲಿ. 14 ಪರದೆ, ಒಂದು ಗ್ರಾಫ್, ಪ್ರೊಫೈಲ್ ಫೋಟೊಗೆ ಜಾಗ, ರಾತ್ರಿ ಹೊತ್ತು ನೋಡಲು ಕಪ್ಪು ಹಿನ್ನೆಲೆ. ರಾತ್ರಿ ಹೊತ್ತು ಡೈರಿ ಬಾಗಿಲು ಹಾಕಿರುತ್ತದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ, ನನಗೂ.

ಮೊದಲ ಎಚ್ಚರಿಕೆ ಇಲ್ಲೇ ಇದೆ. ನೀವು ಖಾಲಿ ಜಾಗಕ್ಕೆ ಹೋಗುತ್ತಿಲ್ಲ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿಯ ಕೆಲಸ ಶುರುವಾಯಿತು. ಆಮೇಲೆ ಊರೂರಿಗೆ ಹಾಲಿನ ಸಂಘಗಳು ಬಂದವು. ಅಳತೆ, ಸ್ಯಾಂಪಲ್, ಸೆಕ್ರೆಟರಿ ಬರೆದುಕೊಡುವ ಲೆಕ್ಕ ಜನರಿಗೆ ಅಭ್ಯಾಸವಾಗಿ ಹೋಗಿವೆ. ಎರಡು ಹೊತ್ತೂ ಪರೀಕ್ಷೆಗೊಳಗಾಗಿ, ಬೈಸಿಕೊಂಡು, ತಿದ್ದಿಸಿಕೊಂಡು ಗಟ್ಟಿಯಾದ ಸಾಫ್ಟ್‌ವೇರ್ ಒಂದು ಅಲ್ಲಿ ಆಗಲೇ ಓಡುತ್ತಿದೆ. ಅದರ ಹೆಸರು ಪಾಸ್‌ಬುಕ್. ಅದಕ್ಕೆ ಚಾರ್ಜ್ ಬೇಡ, ಮಳೆಗೆ ಸ್ವಲ್ಪ ಹೆದರುತ್ತದೆ ಅಷ್ಟೆ. ನಿಮ್ಮ ಪೈಪೋಟಿ ಇರುವುದು ಅದರ ಜೊತೆ.

ಬಳಕೆದಾರನ ಆಯ್ಕೆ

ಕ್ಲಾಸ್‌ಮೇಟ್ ಬಳಕೆದಾರನಲ್ಲ. ನಮ್ಮ ಬ್ಯಾಚು ಮೊದಲು ಮಾಡಿದ ಕೆಲಸ ಗೂಗಲ್ ಫಾರ್ಮ್ ತಯಾರಿಸಿ ವಾಟ್ಸ್ಆ್ಯಪ್ ಗ್ರೂಪಿಗೆ ಬಿಟ್ಟದ್ದು. ಅರ್ಧ ಗಂಟೆಯೊಳಗೆ 47 ಉತ್ತರ, ಹೆಚ್ಚುಕಡಿಮೆ ಎಲ್ಲವೂ ಐದು ಸ್ಟಾರ್. ಆ 47 ಜನರಲ್ಲಿ ಹಾಲು ಕರೆಯಲು ಬರುವವಳು ಒಬ್ಬಳೇ. ಅವಳು ಆ್ಯಪ್ ತೆರೆದೇ ಇರಲಿಲ್ಲ. ಗೆಳೆತನಕ್ಕೆ ಸ್ಟಾರ್ ಕೊಟ್ಟಿದ್ದಳು; ನಾಳೆ ಅವಳ ಪ್ರಾಜೆಕ್ಟಿಗೂ ಇವರು ಕೊಡಬೇಕಲ್ಲ. ಮುಯ್ಯಿಗೆ ಮುಯ್ಯಿ, ಮದುವೆ ಮನೆಯ ಲೆಕ್ಕ.

ಹಾಗಾದರೆ ಎಷ್ಟು ಜನ ಬೇಕು? ಐದು. ಯಾಕೋಬ್ ನೀಲ್ಸನ್ ಮತ್ತು ಟಾಮ್ ಲ್ಯಾಂಡಾವರ್ 1993ರಲ್ಲಿ ಇದರ ಗಣಿತ ಕಟ್ಟಿಕೊಟ್ಟರು. ಅವರು ನೋಡಿದ ಪ್ರಾಜೆಕ್ಟುಗಳಲ್ಲಿ ಒಬ್ಬ ಬಳಕೆದಾರ ಸರಾಸರಿ ನೂರಕ್ಕೆ 31 ತೊಡಕುಗಳನ್ನು ಬಯಲಿಗೆಳೆಯುತ್ತಿದ್ದ. ಐದು 0.69ಗಳನ್ನು ಒಂದಕ್ಕೊಂದು ಗುಣಿಸಿ ಒಂದರಿಂದ ಕಳೆಯಿರಿ, ಸುಮಾರು ನೂರಕ್ಕೆ 85 ಸಿಗುತ್ತದೆ. ಹದಿನೈದು ಜನರನ್ನು ಒಂದೇ ಸಲ ಕೂರಿಸುವ ಬದಲು ಐವರಿಗೆ ತೋರಿಸಿ, ತಿದ್ದಿ, ಮತ್ತೆ ಬೇರೆ ಐವರಿಗೆ ತೋರಿಸಿ ಅನ್ನುವುದು ನೀಲ್ಸನ್ ಸಲಹೆ. ಇದನ್ನು ನಮ್ಮ ಬ್ಯಾಚು ಬಹಳ ಮೆಚ್ಚಿಕೊಂಡಿತು, 'ಐದು' ಅನ್ನುವಷ್ಟನ್ನು ಮಾತ್ರ. ತಿದ್ದಿ ಮತ್ತೆ ತೋರಿಸುವ ಭಾಗ ಅವರ ಪಿಪಿಟಿಯಲ್ಲಿ ಇರಲಿಲ್ಲ.

ಐದೂ ಒಂದೇ ಬಗೆಯವರಾದರೆ ಲೆಕ್ಕ ಕೆಡುತ್ತದೆ. ಡೈರಿಯಲ್ಲಿ ಸೆಕ್ರೆಟರಿ ಬೇರೆ, ಹಾಲು ಟೆಸ್ಟ್ ಮಾಡುವ ಹುಡುಗ ಬೇರೆ, ಎರಡು ಲೀಟರ್ ತರುವ ಅಜ್ಜಿ ಬೇರೆ, ಬೈಕಿಗೆ ಕ್ಯಾನ್ ಕಟ್ಟಿಕೊಂಡು ಬರುವವರು ಬೇರೆ. ಐದನೆಯ ಬಳಕೆದಾರ ಬೆಂಗಳೂರಿನಲ್ಲಿದ್ದ. ಅವನ ವಿಷಯ ಮುಂದೆ ಬರುತ್ತದೆ.

ಜೋಡಣೆ

ಮೊದಲು ಕಾಗದದ ಮೇಲೆ ಜೋಡಿಸಿ. ಮದುವೆ ಕಾರ್ಡಿನ ಹಿಂಬದಿ ಸಾಕು. ದಪ್ಪಗಿರುತ್ತದೆ, ಒದ್ದೆ ಕೈ ತಡೆಯುತ್ತದೆ. ಒಂದು ಕಾರ್ಡಿಗೆ ಒಂದು ಪರದೆ. ಬಳಕೆದಾರ ಪೆನ್ಸಿಲಿನ ಬಟನ್ ಮೇಲೆ ಬೆರಳಿಟ್ಟರೆ ನೀವು ಮುಂದಿನ ಕಾರ್ಡ್ ಎತ್ತಿ ಕೊಡಿ. ನೀವೇ ಕಂಪ್ಯೂಟರ್.

ಇದು ಚಿಕ್ಕಮಕ್ಕಳ ಆಟ ಅನ್ನಿಸಿದರೆ ಕೇಳಿ. 1996ರಲ್ಲಿ ಪಾಮ್ ಪೈಲಟ್ ಎಂಬ ಜೇಬಿನ ಕಂಪ್ಯೂಟರ್ ಬಂತು. ಅದನ್ನು ರೂಪಿಸಿದ ಜೆಫ್ ಹಾಕಿನ್ಸ್ ಅದಕ್ಕೂ ಮೊದಲು ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಯಾರಾದರೂ ಭೇಟಿಗೆ ದಿನ ಕೇಳಿದರೆ ಮರದ ತುಂಡು ತೆಗೆದು, ಕಡ್ಡಿಯಿಂದ ಅದರ ಮೇಲೆ ಕುಟ್ಟಿ, ದಿನ ನೋಡಿಕೊಂಡಂತೆ ನಟಿಸುತ್ತಿದ್ದರು. ನಮ್ಮ ಕಡೆ ಹೀಗೆ ಮಾಡಿದ್ದರೆ ಮನೆಯವರು ಕರೆದುಕೊಂಡು ಹೋಗಿ ಯಂತ್ರ ಕಟ್ಟಿಸುತ್ತಿದ್ದರು, ತಾಯತದ್ದು.

ಕಾಗದಕ್ಕೊಂದು ಗುಣವಿದೆ. ಹೊಳೆಯುವ ಪರದೆ ಕಂಡರೆ ಜನ ಮರ್ಯಾದೆ ಕೊಡುತ್ತಾರೆ, ಪೆನ್ಸಿಲ್ ಗೀಟು ಕಂಡರೆ ಸತ್ಯ ಹೇಳುತ್ತಾರೆ. ಸೆಕ್ರೆಟರಿ ನಮ್ಮ ಮೊದಲ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಕಿವಿಯ ಸಂದಿಯಿಂದ ಪೆನ್ ತೆಗೆದು ಮೂರು ಬಟನ್ ಹೊಡೆದುಹಾಕಿದರು. ಆ್ಯಪ್ ತೋರಿಸಿದ್ದರೆ ಅವರು ಕಾಫಿ ತರಿಸುತ್ತಿದ್ದರು.

ಚಾಲನೆ

ಬೆಳಿಗ್ಗೆ ಆರು ಗಂಟೆಗೆ ಹೋಗಿ. ಹನ್ನೊಂದಕ್ಕೆ ಹೋದರೆ ಸೆಕ್ರೆಟರಿ ಸಿಗುತ್ತಾರೆ, ಕುರ್ಚಿ ಸಿಗುತ್ತದೆ, ಮಾತು ಸಿಗುತ್ತದೆ; ಹಾಲು ಸಿಗುವುದಿಲ್ಲ.

ನಮ್ಮ ಬ್ಯಾಚು ಆರಕ್ಕೇ ಹೋಯಿತು. ಬೈಂಡಿಂಗಿನ ಹುಡುಗ ಮೊದಲು ಮಾಡಿದ ಕೆಲಸ ಗೋಡೆಯಲ್ಲಿದ್ದ ಒಂದೇ ಒಂದು ಪ್ಲಗ್ಗಿನಿಂದ ಯಾವುದೋ ವೈರ್ ಕಿತ್ತು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದು. ಆ ವೈರು ಹಾಲಿನ ಟೆಸ್ಟರಿನದು. ಅದು ಮತ್ತೆ ಕಾದು ಸಿದ್ಧವಾಗುವವರೆಗೆ ಸಾಲು ನಿಂತಿತು, ಹಾಲಿನ ವ್ಯಾನು ಹಾರನ್ ಹೊಡೆಯಿತು. ಸಾಲಿನಲ್ಲಿದ್ದ ಯಜಮಾನರೊಬ್ಬರು "ಇಂಜಿನಿಯರು ಬಂದವ್ರೆ, ಕರೆಂಟ್ ಹೋಯ್ತು" ಅಂದರು. ಒಂದು ಸಾಲಿನಲ್ಲಿ ಇಷ್ಟು ಖಚಿತವಾದ ಪ್ರತಿಕ್ರಿಯೆ ಆ ಸೆಮಿಸ್ಟರಿನಲ್ಲಿ ಮತ್ತೆ ಸಿಗಲಿಲ್ಲ.

ಆಮೇಲೆ ಫೋನನ್ನು ಅಜ್ಜಿಯ ಕೈಗೆ ಕೊಟ್ಟರು. ಕೈ ಹಾಲಿನಲ್ಲಿ ಅದ್ದಿದಂತಿತ್ತು. ಈ ಪರದೆಗಳು ಬೆರಳನ್ನು ಗುರುತಿಸುವುದು ಅದರ ವಿದ್ಯುತ್ ಗುಣದಿಂದ. ನೀರಿನ ಹನಿಗೂ ಆ ಗುಣ ಇರುವುದರಿಂದ ಬೆರಳು ಯಾವುದು, ಹಾಲು ಯಾವುದು ಅಂತ ಫೋನಿಗೆ ತಿಳಿಯುವುದಿಲ್ಲ. ಅಜ್ಜಿ ಒತ್ತಿದ್ದು ಒಂದು, ತೆರೆದದ್ದು ಇನ್ನೊಂದು. ಅವರು ಒದ್ದೆ ಸೆರಗಿನಿಂದಲೇ ಪರದೆ ಒರೆಸಿದರು. ಒರೆಸಿದ್ದನ್ನು ಆ್ಯಪ್ ಯಾವುದೋ ಆಜ್ಞೆ ಅಂತ ತಿಳಿದು ಲಾಗೌಟ್ ಆಯಿತು.

ಮತ್ತೆ ಒಳಗೆ ಹೋಗಲು ಓಟಿಪಿ ಬೇಕು. ಓಟಿಪಿ ಹೋಗುವುದು ಖಾತೆಗೆ ಕೊಟ್ಟ ನಂಬರಿಗೆ. ಆ ನಂಬರು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನದು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವನಿಗೆ ಸಾಲಾಗಿ ನಾಲ್ಕು ಓಟಿಪಿ ಬಂದವು. ಅವನು ಸೀದಾ ಸೆಕ್ರೆಟರಿಗೆ ಫೋನ್ ಮಾಡಿದ: "ಅಣ್ಣಾ, ಯಾರೋ ನಮ್ಮವ್ವನ ದುಡ್ಡು ಹೊಡೀತಾವ್ರೆ, ಬ್ಯಾಂಕಿಗೆ ಹೇಳಿ ಮೊದ್ಲು!" ಇವನೇ ನಾನು ಹೇಳಿದ ಐದನೆಯ ಬಳಕೆದಾರ. ಓಟಿಪಿ ಯಾರಿಗೂ ಹೇಳಬೇಡಿ ಎಂಬ ಸಂದೇಶವನ್ನು ಪೂರ್ತಿ ಓದಿ ಪಾಲಿಸಿದವನು ಇಡೀ ಪರೀಕ್ಷೆಯಲ್ಲಿ ಇವನೊಬ್ಬನೇ. ತಪ್ಪು ನಮ್ಮದು.

ಈ ಹಂತದಲ್ಲಿ ನಿಮ್ಮ ಕೈ ತಾನಾಗಿ ಮುಂದೆ ಹೋಗಿ, "ಇಲ್ಲಿ ಒತ್ತಿ ಅಜ್ಜಿ" ಅನ್ನುತ್ತದೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಕೊಳ್ಳಿ, ಬಾಯಲ್ಲಿ ಹತ್ತರವರೆಗೆ ಎಣಿಸಿ. ನೀವು ಒಂದು ಬಟನ್ ತೋರಿಸಿಕೊಟ್ಟರೆ ಆ ಬಟನ್ ಎಂದೂ ಸರಿಹೋಗುವುದಿಲ್ಲ, ಯಾಕೆಂದರೆ ನೀವು ದಿನಾ ಬೆಳಿಗ್ಗೆ ಅಲ್ಲಿರುವುದಿಲ್ಲ.

ಮನಸ್ಸಿನಲ್ಲಿ ಬಂದದ್ದನ್ನು ಬಾಯಲ್ಲಿ ಹೇಳುತ್ತಾ ಬಳಸಿ ಅಂತ ಕೇಳುವ ಪದ್ಧತಿಯೊಂದಿದೆ. ಐಬಿಎಂನಲ್ಲಿದ್ದ ಕ್ಲೇಟನ್ ಲೂಯಿಸ್ 1982ರಲ್ಲಿ ಅದನ್ನು ಸಾಫ್ಟ್‌ವೇರ್ ಪರೀಕ್ಷೆಗೆ ತಂದರು. ಒಂದು ಕೋಣೆ, ಒಬ್ಬ ಬಳಕೆದಾರ, ನಿಶ್ಶಬ್ದ. ಡೈರಿಯಲ್ಲಿ ಒಬ್ಬರ ಮನಸ್ಸಿನಲ್ಲಿ ಬಂದದ್ದನ್ನು ಸಾಲಿನಲ್ಲಿ ನಿಂತ ಹನ್ನೆರಡು ಜನ ಹೇಳುತ್ತಾರೆ. "ಮ್ಯಾಗಡೆ ಒತ್ತವ್ವ", "ಅದಲ್ಲ, ಕೆಂಪುದು", "ಬುಡು, ನನ್ ಮೊಮ್ಮಗ ಮಾಡ್ತಾನೆ". ಮೊದಲು ನಮ್ಮ ಹುಡುಗರು ಇದನ್ನು ಗಲಾಟೆ ಅಂತ ಬರೆದುಕೊಂಡರು. ಎರಡನೆಯ ದಿನ ಕೋಡ್ ಸರಿಮಾಡುವ ಹುಡುಗಿಗೆ ಹೊಳೆಯಿತು: ಇಲ್ಲಿ ಫೋನು ಒಬ್ಬರ ಕೈಯಲ್ಲಿದ್ದರೂ ಬಳಸುವವರು ಮೂರು ಜನ. ಅವಳು ಅಜ್ಜಿಗೆ, "ಇದನ್ನ ಪಕ್ಕದ ಮನೆ ಅತ್ತೆಗೆ ನೀವೇ ಹೇಳ್ಕೊಡಿ ಅಜ್ಜಿ" ಅಂದು ಸುಮ್ಮನೆ ಕೂತಳು. ಅಜ್ಜಿ ಹೇಳಿಕೊಡುವಾಗ ಯಾವ ಪದ ಬಳಸಿದರೋ ಅದನ್ನು ಬರೆದುಕೊಂಡಳು. ನಮ್ಮ ಪರದೆಯಲ್ಲಿ 'ಪಾವತಿ ಇತಿಹಾಸ' ಅಂತಿತ್ತು. ಅಜ್ಜಿ 'ಬಟವಾಡೆ' ಅಂದರು. 'ಘನಾಂಶ' ಅಂತಿತ್ತು, ಅಜ್ಜಿ 'ಡಿಗ್ರಿ' ಅಂದರು. ಗ್ರಾಫ್ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ನೋಡಿದರು. "ಬೆಟ್ಟ ಬರ್ದವ್ರೆ ಪಾಪ" ಅಂದರು ಅಜ್ಜಿ.

ಸೂಚಕ ದೀಪಗಳು

ಬಳಕೆದಾರನಿಗೆ ದೀಪಗಳಿಲ್ಲ, ಮಾತಿದೆ. ಅದನ್ನು ಓದಲು ಕಲಿಯಿರಿ. ಪ್ರಾಜೆಕ್ಟುಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ.

'ಚೆನ್ನಾಗೈತೆ ಕಣಪ್ಪ': ದೀಪ ಆರಿದೆ. ಇದು ಆ್ಯಪಿನ ಬಗ್ಗೆ ಹೇಳಿದ್ದಲ್ಲ, ನಿಮ್ಮ ಬಗ್ಗೆ. ಹಾಸ್ಟೆಲಿನಿಂದ ಹೊಟ್ಟೆಗಿಲ್ಲದೆ ಮುಂಜಾನೆ ಬಂದಿದ್ದೀರಿ, ಬೇಜಾರು ಮಾಡುವುದು ಯಾಕೆ ಅಂತ. ನಾನು ಓದುವಾಗ ಕಾಲೇಜಿನ ಲೈಬ್ರರಿಗೊಂದು ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ಲೈಬ್ರೇರಿಯನ್ ಮೇಡಂ "ತುಂಬಾ ಚೆನ್ನಾಗಿದೆ ಮರಿ" ಅಂದಿದ್ದರು. ಆ ಮಾತಿನ ಮೇಲೆ ನಾನು ಒಂದು ವರ್ಷ ಎದೆಯುಬ್ಬಿಸಿಕೊಂಡು ಓಡಾಡಿದೆ. ಆಮೇಲೆ ಯಾವುದೋ ಸರ್ಟಿಫಿಕೇಟಿಗೆಂದು ಹೋದಾಗ ಆ ಕಂಪ್ಯೂಟರಿಗೆ ಹೂವಿನ ಬಟ್ಟೆ ಹೊದಿಸಿ, ಬಟ್ಟೆಯ ಮೇಲೆ ಪುಸ್ತಕ ಕೊಡುವ ರಿಜಿಸ್ಟರ್ ಇಟ್ಟಿದ್ದರು. ಮೇಜಿನ ಎತ್ತರ ಅವರಿಗೆ ಸರಿಹೋಗಿತ್ತು.

'ಪರವಾಗಿಲ್ಲ': ಎಲ್ಲೋ ಚುಚ್ಚಿದೆ. ಎಲ್ಲಿ ಅಂತ ಕೇಳಿ. ಒಂದೇ ಸಲ ಕೇಳಿದರೆ ಹೇಳುವುದಿಲ್ಲ, ಊಟಕ್ಕೆ ಬಲವಂತ ಮಾಡಿದಂತೆ ಮೂರು ಸಲ ಕೇಳಬೇಕು.

'ನೋಡಾಣ ಬುಡಿ': ಇಲ್ಲ ಅಂತ ಅರ್ಥ. ಹೆಣ್ಣು ನೋಡಿ ಹೋದವರು 'ತಿಳಿಸ್ತೀವಿ' ಅನ್ನುತ್ತಾರಲ್ಲ, ಅದೇ.

'ನಮಗೇನ್ ತಿಳೀತದೆ, ನೀವು ಓದ್ದೋರು': ಕೆಂಪು ದೀಪ. ಎಲ್ಲ ಕೆಲಸ ನಿಲ್ಲಿಸಿ. ಮೂವತ್ತು ವರ್ಷ ಹಸು ಸಾಕಿ, ಕರು ಹಾಕಿಸಿ, ಬಟವಾಡೆಯ ಪೈಸೆ ಪೈಸೆ ಬಾಯಿಲೆಕ್ಕದಲ್ಲಿ ಹೇಳುವ ಹೆಂಗಸು ನಿಮ್ಮ ಬಟನ್ ಮುಂದೆ ತನ್ನನ್ನು ದಡ್ಡಿ ಅಂದುಕೊಂಡರೆ ಆ ಬಟನ್ ತೆಗೆಯಿರಿ. ಇದನ್ನು 'ಡಿಜಿಟಲ್ ಸಾಕ್ಷರತೆಯ ಕೊರತೆ' ಅಂತ ರಿಪೋರ್ಟಿನಲ್ಲಿ ಬರೆದ ಬ್ಯಾಚಿನ ಅಧ್ಯಾಯವನ್ನು ನಾನು ವಾಪಸ್ ಕೊಟ್ಟಿದ್ದೇನೆ, ಇನ್ನು ಮುಂದೂ ಕೊಡುತ್ತೇನೆ.

'ಯಾವನ್ಲಾ ಇದನ್ನ ಮಾಡಿದ್ದು?': ಹಸಿರು. ಕೊನೆಗೂ ಒಬ್ಬರು ನಿಜವಾಗಿ ಬಳಸಿದ್ದಾರೆ, ಅವರ ಕೆಲಸ ಕೆಟ್ಟಿದೆ, ಸಿಟ್ಟು ಬಂದಿದೆ. ಓಡಿಹೋಗಬೇಡಿ. ನೋಟ್‌ಬುಕ್ ತೆಗೆಯಿರಿ.

ಅಂಕಿಗಳಲ್ಲೇ ಬೇಕು ಅನ್ನುವ ಗೈಡುಗಳಿದ್ದಾರೆ. ಅವರಿಗಾಗಿ ಜಾನ್ ಬ್ರೂಕ್ 1986ರಲ್ಲಿ ಮಾಡಿದ ಹತ್ತು ಹೇಳಿಕೆಗಳ ಪಟ್ಟಿ ಇದೆ. ಬೆಸ ಸಂಖ್ಯೆಯವು ಹೊಗಳಿಕೆ, ಸಮ ಸಂಖ್ಯೆಯವು ತೆಗಳಿಕೆ. ಎಷ್ಟರಮಟ್ಟಿಗೆ ಒಪ್ಪುತ್ತೀರಿ ಅಂತ ಒಂದರಿಂದ ಐದರೊಳಗೆ ಹೇಳಬೇಕು, ಕೊನೆಗೆ ನೂರಕ್ಕೆ ಇಷ್ಟು ಅಂತ ಬರುತ್ತದೆ. ನಮ್ಮವರು ಕನ್ನಡಕ್ಕೆ ತಂದು ಕೇಳಿದರು. 'ಈ ಆ್ಯಪ್ ಬಳಸಲು ಸುಲಭ': "ಹೂಂ ಕಣಪ್ಪ." 'ಈ ಆ್ಯಪ್ ವಿನಾಕಾರಣ ಗೋಜಲಾಗಿದೆ': "ಹೂಂ ಕಣಪ್ಪ." ಹತ್ತಕ್ಕೂ ಹೂಂ. ಹತ್ತಕ್ಕೂ ಒಂದೇ ಉತ್ತರ ಕೊಟ್ಟರೆ, ಅದು ಯಾವ ಉತ್ತರವೇ ಆಗಿರಲಿ, ಆ ಸೂತ್ರದಲ್ಲಿ ಕರಾರುವಾಕ್ಕಾಗಿ 50 ಬರುತ್ತದೆ. ಬೇಕಾದರೆ ಹಾಕಿ ನೋಡಿ. ಮೊದಲ ಸುತ್ತಿನ ಐವರಲ್ಲಿ ಮೂವರಿಂದ ಬಂದದ್ದು 50. ಬ್ಯಾಚು ಅದನ್ನು 'ಮಧ್ಯಮ ತೃಪ್ತಿ' ಅಂತ ಬರೆದುಕೊಂಡಿತ್ತು. ಅದು ತೃಪ್ತಿಯಲ್ಲ, ಸೌಜನ್ಯ.

ದೋಷ ನಿವಾರಣೆ

ಎಲ್ಲ ದೋಷಗಳೂ ಒಂದೇ ತೂಕದವಲ್ಲ. ಬಣ್ಣ ಸರಿಯಿಲ್ಲ ಅನ್ನುವುದನ್ನು ಬಸ್ಸಿನಲ್ಲಿ ವಾಪಸ್ ಬರುವಾಗ ತಿದ್ದಬಹುದು.

ಹೆಸರಿನ ದೋಷ ತಿದ್ದಲು ಎರಡು ದಿನ ಬೇಕಾಯಿತು. ಹೆಸರಿಗೆಂದು ಡೇಟಾಬೇಸಿನಲ್ಲಿ 20 ಬೈಟ್ ಜಾಗ ಇಟ್ಟಿದ್ದರು, ಇಂಗ್ಲಿಷಿನ ಅಂದಾಜಿನಲ್ಲಿ. 'ಲಕ್ಷ್ಮಮ್ಮ' ಎಂಬುದು ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡಿನ ಒಳಗೆ ಅದು ಹಲಂತ ಚಿಹ್ನೆಗಳೂ ಸೇರಿ ಒಂಬತ್ತು ಸಂಕೇತ. ಒಂದೊಂದಕ್ಕೆ ಮೂರು ಬೈಟಿನಂತೆ 27. ಹಾಗಾಗಿ ಆ ಹೆಸರಿನವರೆಲ್ಲ ನಮ್ಮ ಪಟ್ಟಿಯಲ್ಲಿ 'ಲಕ್ಷ್ಮ' ಆಗಿ, ಪಕ್ಕದಲ್ಲೊಂದು ಖಾಲಿ ಚೌಕ ಇಟ್ಟುಕೊಂಡು ನಿಂತರು. ಹಳೇ ಮೈಸೂರಿನ ಹಳ್ಳಿಯೊಂದರಲ್ಲಿ ಈ ಹೆಸರನ್ನು ಪರೀಕ್ಷೆಗೆ ಹಾಕದೆ ಹೋದವರನ್ನು ಏನನ್ನಬೇಕು?

ಎಲ್ಲಕ್ಕಿಂತ ದೊಡ್ಡ ದೋಷ ಡಿಗ್ರಿಯದು. ಲ್ಯಾಕ್ಟೋಮೀಟರಿನ ಡಿಗ್ರಿ ಮತ್ತು ಫ್ಯಾಟ್ ಎರಡರಿಂದ ಹಾಲಿನ ಘನಾಂಶ, ಅಂದರೆ ಎಸ್‌ಎನ್‌ಎಫ್, ಲೆಕ್ಕ ಹಾಕಲು ರಿಚ್ಮಂಡ್ ಸೂತ್ರವಿದೆ. ಡಿಗ್ರಿಯನ್ನು ನಾಲ್ಕರಿಂದ ಭಾಗಿಸಿ, ಫ್ಯಾಟಿನ ಒಂದು ಪಾಲು ಸೇರಿಸಿ, ಕೊನೆಗೊಂದು ಸ್ಥಿರಾಂಕ ಕೂಡಿಸಬೇಕು. ಆ ಪಾಲು, ಆ ಸ್ಥಿರಾಂಕ ಎಲ್ಲ ಕಡೆ ಒಂದೇ ಅಲ್ಲ. ನಮ್ಮ ಹುಡುಗರು ಎಲ್ಲೋ ಸಿಕ್ಕ 0.2 ಮತ್ತು 0.36 ಹಾಕಿದ್ದರು. ಸೆಕ್ರೆಟರಿಯ ಲೆಕ್ಕದಲ್ಲಿದ್ದದ್ದು 0.25 ಮತ್ತು 0.44. ಆ ಬೆಳಿಗ್ಗೆ ಅಜ್ಜಿಯ ಹಾಲಿಗೆ ಡಿಗ್ರಿ 28, ಫ್ಯಾಟ್ 4. ಸೆಕ್ರೆಟರಿಯ ಪುಸ್ತಕದಲ್ಲಿ 8.44. ನಮ್ಮ ಆ್ಯಪಿನಲ್ಲಿ 8.16. ಹಸುವಿನ ಹಾಲಿಗೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಳೆದಿರುವ ಕನಿಷ್ಠ ಗೆರೆ 8.3. ಅದೇ ಗೆರೆಯನ್ನು ಆ್ಯಪಿಗೂ ಹಾಕಿದ್ದರು, ಜೊತೆಗೆ ಕೆಂಪು ಬಣ್ಣ. ಆ್ಯಪ್ ಅಜ್ಜಿಯ ಸಾಲನ್ನು ಕೆಂಪು ಮಾಡಿ 'ಗುಣಮಟ್ಟ ಕಡಿಮೆ' ಅಂತ ತೋರಿಸಿತು, ಇಡೀ ಸಾಲಿನ ಎದುರಿಗೆ.

"ನಾನು ನೀರ್ ಹಾಕಿವ್ನಿ ಅಂತ ಹೇಳ್ತದಾ ಇದು?" ಅಂತ ಅಜ್ಜಿ ಕೇಳಿದರು. ದನಿ ಏರಿಸಲಿಲ್ಲ. ಕೋಡ್ ಬರೆಯುವವನು "ಇಲ್ಲ ಅಜ್ಜಿ, ಸಣ್ಣ ಬಗ್ಗು" ಅಂದ. ಅವರಿಗೆ ಅದು ಬಗ್ ಅಲ್ಲ, ಅಪವಾದ. ಹುಡುಗ ಅಂದು ಸಂಜೆಯೇ ಸ್ಥಿರಾಂಕ ಬದಲಿಸಿದ. ಮಾರನೆಯ ಬೆಳಿಗ್ಗೆ ಸಾಲಿನ ಎದುರಿಗೇ ನಿಂತು ತಪ್ಪು ತನ್ನದು ಅಂತ ಹೇಳಿದ್ದು ಅವನ ಸ್ವಂತ ಬುದ್ಧಿ, ಗೈಡ್ ಹೇಳಿಕೊಟ್ಟದ್ದಲ್ಲ. ಆ ಕೆಂಪು ಬಣ್ಣವನ್ನು ಆಮೇಲೆ ಆ್ಯಪಿನಿಂದಲೇ ತೆಗೆದರು.

ಪರಿಷ್ಕರಣೆ

ಬಳಕೆದಾರ ಕೇಳಿದ್ದನ್ನೆಲ್ಲ ಕೊಡಬೇಡಿ. ಸೆಕ್ರೆಟರಿ ಅಣ್ಣ ಪಟ್ಟಿ ಕೊಟ್ಟರು: ಹಿಂಡಿ ಬೂಸಾದ ರೇಟು, ಮಳೆ ಸುದ್ದಿ, ಪಂಚಾಂಗ, ಡೈರಿ ಎಲೆಕ್ಷನ್ನಿನ ಓಟರ್ ಲಿಸ್ಟು, ದೊಡ್ಡದೊಂದು ಪ್ರಿಂಟ್ ಬಟನ್. ಪಂಚಾಂಗ ಯಾಕಣ್ಣ ಅಂದರೆ "ಇರ್ಲಿ ಬುಡಿ ಒಂದು" ಅಂದರು. ಪ್ರಿಂಟ್ ಬಟನ್ ಯಾಕೆ ಅಂದಾಗ ಮಾತ್ರ ಕಾರಣ ಬಂತು. ಫೋನಿನಲ್ಲಿ ಬಂದದ್ದನ್ನು ಜನ ನಂಬುವುದಿಲ್ಲ, ನಾಳೆ ಅದು ಬದಲಾಗಿಬಿಟ್ಟರೆ ಅಂತ. ಚೀಟಿಯಾದರೆ ಮನೆಯಲ್ಲಿ ಮೊಳೆಗೆ ಚುಚ್ಚಿಡುತ್ತಾರೆ. ಬೇಕಾಗಿದ್ದದ್ದು ಬಟನ್ ಅಲ್ಲ, ಒಮ್ಮೆ ಬರೆದದ್ದು ಅಳಿಯುವುದಿಲ್ಲ ಅನ್ನುವ ಭರವಸೆ. ಅದಕ್ಕೆ ತಿದ್ದಿದ ಅಂಕಿಯ ಕೆಳಗೆ ಹಳೆಯ ಅಂಕಿಯನ್ನೂ ಗೀಟು ಹೊಡೆದು ಹಾಗೇ ತೋರಿಸಿದರು, ಪಾಸ್‌ಬುಕ್ಕಿನಲ್ಲಿ ಸೆಕ್ರೆಟರಿ ಮಾಡುವಂತೆಯೇ. ಚೀಟಿ ಚೀಟಿಯಾಗೇ ಉಳಿಯಿತು.

ಎರಡನೆಯ ಸುತ್ತಿಗೆ ಬೇರೆ ಐವರು. ಸಿಕ್ಕ ಹೊಸ ತೊಡಕುಗಳಲ್ಲಿ ಮೂರು ನಾವು ತಿದ್ದಿದ್ದರಿಂದಲೇ ಹುಟ್ಟಿದ್ದವು. ಇದು ಮಾಮೂಲು, ಗಾಬರಿ ಬೇಡ. ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ ಲಾಗಿನ್ ಹೋಗಿತ್ತು, ಪ್ರೊಫೈಲ್ ಫೋಟೊ ಹೋಗಿತ್ತು, ಬೆಟ್ಟ ಕರಗಿ 'ನಿನ್ನೆಗಿಂತ ಫ್ಯಾಟ್ ಕಮ್ಮಿ' ಎಂಬ ಒಂದು ಸಾಲಾಗಿತ್ತು. 14 ಪರದೆಗಳಲ್ಲಿ ಉಳಿದದ್ದು ಎರಡು. ಫೋನ್ ಮುಟ್ಟುವವರು ಸೆಕ್ರೆಟರಿ ಒಬ್ಬರೇ. ಮಿಕ್ಕವರಿಗೆ ಕೌಂಟರಿನ ಮೇಲೆ ಒರಗಿಸಿಟ್ಟ ಪರದೆಯಲ್ಲಿ ಲೀಟರ್, ಫ್ಯಾಟ್, ಡಿಗ್ರಿ, ರೂಪಾಯಿ, ಮಾರು ದೂರಕ್ಕೆ ಕಾಣುವ ಅಕ್ಷರದಲ್ಲಿ.

ವಾರಂಟಿ

ವೈವಾಕ್ಕೆ ಈ ಕೈಪಿಡಿ ಜವಾಬ್ದಾರಿಯಲ್ಲ. ಬೇರೆ ಕಾಲೇಜಿನಿಂದ ಬಂದ ಎಕ್ಸ್‌ಟರ್ನಲ್ ಎರಡು ಪರದೆ ನೋಡಿ "ಇಷ್ಟೇನಾ?" ಅಂದರು. "ಇದರಲ್ಲಿ ಮಷೀನ್ ಲರ್ನಿಂಗ್ ಎಲ್ಲಿದೆ? ನಾವೆಲ್ಟಿ ಏನು?" ಕೋಡ್ ಸರಿಮಾಡುವ ಹುಡುಗಿ ನೋಟ್‌ಬುಕ್ ಮುಂದಿಟ್ಟಳು: ತೆಗೆದ 12 ಪರದೆಗಳ ಪಟ್ಟಿ, ಯಾವುದನ್ನು ಯಾರ ಯಾವ ಮಾತಿನಿಂದ ತೆಗೆದದ್ದು, ತಾರೀಖಿನ ಸಮೇತ. ಅವರು ಅದನ್ನು ತೆರೆಯಲಿಲ್ಲ. ರಿಪೋರ್ಟ್ ಕೈಗೆತ್ತಿಕೊಂಡು, ಬೈಂಡಿಂಗ್ ಚೆನ್ನಾಗಿದೆ ಅಂದರು. ಸೂಚಕ ದೀಪಗಳ ಮೊದಲನೆಯ ಸಾಲು ನೋಡಿ.

ದೂರು ಮತ್ತು ಸಲಹೆಗಳಿಗೆ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಡೈರಿಯ ಹತ್ತಿರ ಬನ್ನಿ. ಫೋನನ್ನು ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಬನ್ನಿ. ಗೋಡೆಯಲ್ಲಿರುವ ಪ್ಲಗ್ ಹಾಲಿನ ಟೆಸ್ಟರಿನದು.